ಹಿಡಿ ಜೋಳದ ವಹಿ

ನೂರನೇ ವರ್ಷಕ್ಕೊಂದು ಚರಿತ್ರೆ ಬರಕೊಡ್ರಿ ಮಾಸ್ತರ,
ಎಂಟು ಪುಟ ಸಾಕು, ಎರಡು ಫೋಟೋಕ್ಕ ಬಿಡ್ರಿ
ಅಂದರು ಸಭಾಪಾಲಕರು.
ಕರಜಿಹಾಳದ ಮೆಥೋಡಿಸ್ಟ್ ಗುಡಿಯ ಕಪಾಟು ತೆರೆದೆ.
ನನಗಿಂತ ಮೊದಲೇ ಗೆದ್ದಲು
ಎಲ್ಲ ಓದಿ ಮುಗಿಸಿತ್ತು.

ಉಳಿದದ್ದು ಒಂದೇ ವಹಿ,
ತಗಡಿನ ಟ್ರಂಕಿನಲ್ಲಿ, ಬೇವಿನೆಲೆಯ ಪುಡಿಯ ಕೆಳಗೆ.
ದೀಕ್ಷಾಸ್ನಾನದ್ದಲ್ಲ, ಮದುವೆ ಮಣ್ಣಿನದಲ್ಲ,
ಹಿಡಿ ಜೋಳದ್ದು.
ಬೀಸುವ ಕಲ್ಲಿಗೆ ಸುರಿಯುವ ಮುನ್ನ
ದಿನಕ್ಕೊಂದು ಹಿಡಿ ಗಡಿಗೆಗೆ ಹಾಕಿಟ್ಟು
ರವಿವಾರ ಸೆರಗಿನಲ್ಲಿ ತಂದವರ ಲೆಕ್ಕ.
ಬರೆದಾಕೆ ಬೈಬಲ್ ಬಾಯಿ ದೀನವ್ವ.

ಸಲೋಮೆವ್ವ, ಎರಡು ಸೇರು.
ತಿಮೋಥಿ ತುಳಜಪ್ಪನ ಹೆಂಡತಿ, ಒಂದು ಸೇರು, ಕಲ್ಲು ಬಹಳ.
ಕುರುಡಿ ರಾಹೇಲವ್ವ, ಒಂದು ಹಿಡಿ.
ಪಕ್ಕಕ್ಕೆ: ಕಾಳು ಎಣಿಸಿ ತಂದಾಳ.

ಹಡಗಿನಲ್ಲಿ ಬಂದ ದೊರೆಯ ಬಗ್ಗೆ
ಇಡೀ ವಹಿಯಲ್ಲಿ ಒಂದೇ ಸಾಲು:
ಸಾಹೇಬರ ಕುದುರಿಗೆ, ನಾಕು ಸೇರು.

ಒಂದೇ ಬಟ್ಟಲಲ್ಲಿ ದ್ರಾಕ್ಷಾರಸ ಕುಡಿಯೋದು
ಎಂಟು ಮನೆಗೆ ಒಪ್ಪಿಗೆಯಾಗಲಿಲ್ಲ.
ಕುಲ ಬಿಟ್ಟು ಬಂದರೂ
ಕುಲ ತುಟಿ ಬಿಟ್ಟಿರಲಿಲ್ಲ.
ಹದಿನಾರು ರವಿವಾರ ಅವರ ಸಾಲು ಖಾಲಿ.
ಹದಿನೇಳನೆಯದಕ್ಕೆ ಜೋಳ ಬಂತು, ಮಕ್ಕಳ ಕೈಯಲ್ಲಿ.
ದೊಡ್ಡವರು ಬಂದದ್ದು ಯಾವಾಗಲೋ,
ದೀನವ್ವ ಬರೆದಿಲ್ಲ.

ರಜಾಕಾರರ ವರ್ಷ
ಆಳಂದದ ಕಡೆಯಿಂದ ರಾತ್ರೋರಾತ್ರಿ ಗಡಿ ದಾಟಿ ಬಂದವರು
ಗುಡಿಯ ನೆಲದ ಮೇಲೆ ಒರಗಿದರು,
ನಮ್ಮ ನೆರಳಿಗೂ ನೀರು ಚಿಮುಕಿಸುತ್ತಿದ್ದ ಮನೆತನದವರು.
ಖರ್ಚು, ಹನ್ನೊಂದು ಚೀಲ ಅಂತಿದೆ.
ಉಂಡವರ ಹೆಸರಿಲ್ಲ.
ಕೇಳಿದ್ದಕ್ಕೆ ದೀನವ್ವ ನಮ್ಮವ್ವನಿಗೆ ಹೇಳಿದ್ದಳಂತೆ,
ಕೊಟ್ಟವರದು ಬರೀತೀನಿ,
ಉಂಡವರದು ಬರಿಯೋದು ಸಾಹುಕಾರನ ಪದ್ಧತಿ.

ಐವತ್ತಾರರ ನಂತರ
ಅದೇ ಕೈ, ಅದೇ ಮಸಿ, ಅಕ್ಷರ ಬೇರೆ.
ಮೇಲುಗೆರೆ ಎಳೆದು ಜ್ವಾರಿ ಅಂತ ಬರೆದು
ಮಗ್ಗುಲಿಗೆ, ಯಾರೂ ನೋಡಬಾರದೆಂಬಂತೆ,
ಸಣ್ಣಗೆ ಜೋಳ.

ಆಮೇಲೆ ಪುಟಪುಟಕ್ಕೂ ಗೆರೆ ಹೊಡೆದ ಹೆಸರುಗಳು:
ಸೊಲ್ಲಾಪುರಕ್ಕೆ ಹೋದರು, ಮಿಲ್ಲಿಗೆ.
ಸೊಲ್ಲಾಪುರಕ್ಕೆ.
ಇವರೂ.
ಚಾಳಿನ ಖೋಲಿಯೊಳಗೆ ಆರು ಮಂದಿ ಸೇರಿ
ಪಾಳಿ ಮುಗಿದ ಮೇಲೆ ಹಾಡಿದ್ದೇ
ಇಂದು ಮುನ್ನೂರು ಜನರ ಚರ್ಚು,
ಮಾರ್ಬಲ್ಲು, ಮೈಕು, ಮರಾಠಿ.
ಇಲ್ಲಿ ರವಿವಾರ ನಾವು ಒಂಬತ್ತು ಜನ,
ಬಾಗಿಲಲ್ಲಿ ಮಲಗುವ ನಾಯಿ ಬಿಟ್ಟು.

ಸಭೆಯ ಬೆಳವಣಿಗೆ ಅಂತ ತಲೆಬರಹ ಹಾಕಿ
ಕೂತೇ ಇದ್ದೇನೆ.
ಹಗೇವಿನಲ್ಲಿಟ್ಟ ಬೀಜ ಬೆಳೆಯೋದಿಲ್ಲ, ನಿಜ.
ಆದರೆ ಬಿತ್ತಿದ ಮೇಲೆ
ಹಗೇವಿನೊಳಗೆ ಕೂಗಿದರೆ
ಕೂಗು ಹೇಗೆ ತಿರುಗಿ ಬರುತ್ತದೆ,
ಅದನ್ನು ಯಾವ ಪುಟದಲ್ಲಿ ಬರೆಯಲಿ?

ಕೊನೆಯ ಹಾಳೆಗೆ ಬಂದೆ.
ಮರಿಯವ್ವ, ಅರ್ಧ ಸೇರು, ಬಾಕಿ.
ಮಗನ ಸಾಲಿ ಫೀ ಕಟ್ಟ್ಯಾಳ.
ಅವ್ವನ ಹೆಸರು. ಮಗ ನಾನು.
ಅದರ ಕೆಳಗೆ ಏನೂ ಇಲ್ಲ,
ವಸೂಲಾಯಿತೆಂದೂ ಇಲ್ಲ, ಮಾಫಿಯೆಂದೂ ಇಲ್ಲ.

ಇವತ್ತು ಶನಿವಾರ.
ದುಧನಿಯ ಪೇಟೆಯಿಂದ ಜೋಳ ತಂದು
ಮರದಲ್ಲಿ ಕೇರಿ, ಕಲ್ಲು ಆರಿಸಿಟ್ಟಿದ್ದೇನೆ.
ಅರ್ಧ ಸೇರಿಗೆ ಎಷ್ಟು ಗ್ರಾಂ ಎಂದು
ಮೊಮ್ಮಗಳನ್ನು ಕೇಳಿದೆ.
ಬೆರಳು ಮಡಚುತ್ತ ಆಕೆ
ಮರಾಠಿಯಲ್ಲಿ ಎಣಿಸುತ್ತಿದ್ದಾಳೆ.